ಸದ್ದಡಗಿದ ಮೇಲೆ

ದೇವರಗುಡ್ಡದ ನಮ್ಮ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಹತ್ತಾರು ಮಂದಿ ಸೇರುವುದುಂಟು. ಭಜನೆಗಲ್ಲ, ಹರಟೆಗಲ್ಲ, ಧ್ವನಿಮುದ್ರಿಕೆಗಳನ್ನು ಕೇಳುವುದಕ್ಕೆ. ಅತಿಥಿಗಳನ್ನು ಮನೆಗೆ ಕರೆದು ಮಾತನಾಡಬೇಡಿರೆನ್ನುವ ಈ ಆತಿಥ್ಯವನ್ನು ಕಂಡು ವಾಚಕರು ನಕ್ಕಾರು. ನಾನಾದರೂ ಇದನ್ನು ಪೆಟ್ಟು ತಿಂದೇ ಕಲಿತೆ.

ಮೊದಲ ಕೂಟದ ದಿನ ಹೊಸದಾಗಿ ಕೊಂಡ ಸ್ಪೀಕರುಗಳನ್ನು ಮೆರೆಸುವ ಚಪಲ ನನಗೆ. ‘ಇಲ್ಲಿ ತಬಲೆಯ ಗುಂಗು ಕೇಳಿ, ಅಲ್ಲಿ ತಂಬೂರಿಯ ಝೇಂಕಾರ ಕೇಳಿ’ ಎನ್ನುತ್ತ ಒಂದೊಂದು ಮುದ್ರಿಕೆಯನ್ನೂ ಅರೆ ನಿಮಿಷ ನುಡಿಸಿ, ಮುಳ್ಳನ್ನೆತ್ತಿ, ಇನ್ನೊಂದಕ್ಕೆ ಹಾರುತ್ತಿದ್ದೆ. ಹಳೆಯ ಸ್ಪೀಕರಿನೊಡನೆ ಹೋಲಿಸಿ ತೋರುವಾಗ ಹೊಸದರ ದನಿಯನ್ನು ತುಸು ಏರಿಸಿಯೂ ಇದ್ದೆ. ಎರಡರಲ್ಲಿ ಜೋರಾದುದೇ ಇಂಪೆಂದು ಕಿವಿ ಮೋಸಹೋಗುತ್ತದೆ. ಬಲ್ಲವರು ಎರಡನ್ನೂ ಸಮಮಟ್ಟದಲ್ಲಿಟ್ಟೇ ಹೋಲಿಸುತ್ತಾರೆ. ನೆರೆಮನೆಯ ಹಿರಿಯರೊಬ್ಬರು, ಜೀವಮಾನವೆಲ್ಲ ಭಜನೆ ಹಾಡಿದವರು, ಕಂಬಳಿ ಕೊಡವಿ ಎದ್ದರು. “ಮಾಸ್ತರ, ಎಲ್ಲಾ ಚಲೋ ಐತಿ. ಆದ್ರ ಒಂದು ಹಾಡೂ ಪೂರಾ ಆಗಲಿಲ್ಲಲ್ರೀ” ಎಂದವರೇ ಹೊರಟುಹೋದರು. ಮುಂದಿನ ಕೂಟಕ್ಕೆ ಬರಲಿಲ್ಲ.

ಆ ವರ್ಷ ದಸರೆಯ ಹೊತ್ತಿಗೆ ಎಂದಿನಂತೆ ಮಾಲತೇಶನ ಕಾರ್ಣಿಕಕ್ಕೆ ಹೋದೆ. ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಡಮರುಗಗಳು ನಿಂತವು. ಅಷ್ಟು ದೊಡ್ಡ ಜನಸಮೂಹ ಉಸಿರು ಬಿಗಿಹಿಡಿಯಿತು. ಬಂದುದು ಒಂದೇ ನುಡಿ. ಮಳೆ ಬೆಳೆಯ, ರಾಜಕಾರಣದ ಅರ್ಥವನ್ನು ಜನ ಅದರಲ್ಲಿ ವರ್ಷವಿಡೀ ಹುಡುಕುತ್ತಾರೆ. ಆ ಒಂದು ನುಡಿಗೆ ಇಷ್ಟು ಮಂದಿ ಮೌನದಿಂದ ಹಾಸಿಗೆ ಹಾಸುತ್ತಾರೆ. ನಾನು ಹಾಡಿಗೆ ಕೂರಲು ಮಣೆಯನ್ನೂ ಹಾಕಿರಲಿಲ್ಲವೆಂದು ನಾಚಿದೆ.

ಗದಗಿನ ಬಾಲಕ ಭೀಮಸೇನ ಜೋಶಿಯವರ ಕಥೆ ಆಗ ನೆನಪಾಯಿತು. ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಮುದ್ರಿಕೆಯನ್ನು ಕೇಳಿ ಮನಸೋತ ಆ ಹುಡುಗ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟ. ಊರೂರು ಅಲೆದು ಕಡೆಗೆ ಕುಂದಗೋಳದಲ್ಲಿ, ಆ ಖಾನರದೇ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ನಿಂತ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ. ಮಗ್ಗುಲೊಂದಕ್ಕೆ ಮೂರು ಮೂರೂವರೆ ನಿಮಿಷದ ಹಾಡು. ಜೊತೆಗೆ ಚರಚರ ಸದ್ದು. ಒಂದು ಬಾಳಿನ ದಾರಿಯನ್ನು ತಿರುಗಿಸಲು ಅಷ್ಟು ಸಾಕಾಯಿತು!

ಈಗ ನೆಲಕ್ಕೆ ಜಮಖಾನೆ ಹಾಸಿ, ಗೋಡೆಗೆ ಕಂಬಳಿ ತೂಗುಹಾಕುತ್ತೇನೆ, ಮಾರ್ದನಿ ಅಡಗುತ್ತದೆ. ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ಸರಿಸಿದ್ದೇನೆ. ಮಂದ್ರದ ಗುಂಯ್‌ಗಾಟ ತಗ್ಗಿದೆ. ಮುಳ್ಳನ್ನಿಳಿಸಿದ ಬಳಿಕ ಮಗ್ಗುಲು ಮುಗಿಯುವತನಕ ಯಾರೂ ಮಾತನಾಡುವಂತಿಲ್ಲ. ಯಜಮಾನನಂತೂ ಮೊದಲೇ ಇಲ್ಲ. ಚರ್ಚೆಯೆಲ್ಲ ಮಂಡಕ್ಕಿ ಮಿರ್ಚಿ ಬಂದ ಮೇಲೆ.

ಆ ಹಿರಿಯರನ್ನು ನಾನೇ ಹೋಗಿ ಕರೆತಂದೆ. ಅಂದು ಅಬ್ದುಲ್ ಕರೀಂ ಖಾನರ ಹಾಡು ಮುಗಿದಾಗ ಕೆಲಹೊತ್ತು ಒಬ್ಬರೂ ಅಲುಗಲಿಲ್ಲ. ಅವರು ಕಣ್ಣು ತೆರೆಯದೆಯೇ ಮೆಲ್ಲನೆ ಅಂದರು: “ಇನ್ನೊಮ್ಮೆ ಹಚ್ರಿ, ಮಾಸ್ತರ.”

ಸ್ಪೀಕರು ಯಾವುದೆಂದು ಅವರು ಇಂದಿನವರೆಗೂ ಕೇಳಿಲ್ಲ.