ಊರಾಚೆಯ ಇಂಗ್ಲೆಂಡು

ಏಪ್ರಿಲ್ 23, ಇಂಗ್ಲೆಂಡಿನ ಪಾಲಕಸಂತನಾದ ಜಾರ್ಜನ ದಿನ. ವಿಲ್ಟ್‌ಷೈರ್ ಪ್ರಾಂತದ ಒಂದು ಹಳ್ಳಿಯಲ್ಲಿ ಜಾತ್ರೆಯ ಸಡಗರ. ಅದೇ ಬೆಳಗ್ಗೆ ಊರಾಚೆಯ ಕಾಡಿನಲ್ಲಿ ಹಳೆಯ ಗಾಡಿಮನೆಯೊಂದರ ಬಾಗಿಲಿಗೆ ಸ್ಥಳೀಯ ಆಡಳಿತದ ಅಧಿಕಾರಿಗಳಿಬ್ಬರು ನೋಟೀಸು ಅಂಟಿಸುತ್ತಾರೆ. ಒಳಗಿರುವವನು ಜಾಗ ತೆರವು ಮಾಡತಕ್ಕದ್ದು! ನಾಡಹಬ್ಬದ ದಿನವೇ ನಾಡಿನವನೊಬ್ಬನಿಗೆ ನೆಲೆ ತಪ್ಪುವ ಈ ವಿಪರ್ಯಾಸವೇ ಜೆಜ್ ಬಟರ್‌ವರ್ತ್ ಅವರ ‘ಜೆರೂಸಲೆಮ್’ ನಾಟಕದ ಬೀಜ.

ಹೆಸರನ್ನು ಕಂಡು ಇದು ಪುಣ್ಯಕ್ಷೇತ್ರದ ಕಥೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ವಿಲಿಯಂ ಬ್ಲೇಕ್ ಕವಿಯ ಪದ್ಯವೊಂದಕ್ಕೆ 1916ರಲ್ಲಿ ಹ್ಯೂಬರ್ಟ್ ಪ್ಯಾರಿ ರಾಗ ಕಟ್ಟಿದರು. ಇಂಗ್ಲಿಷರಿಗೆ ಅದು ಎರಡನೆಯ ರಾಷ್ಟ್ರಗೀತೆಯೇ ಸರಿ. ಯಕ್ಷಿಣಿಯ ರೆಕ್ಕೆ ತೊಟ್ಟ ಹುಡುಗಿಯೊಬ್ಬಳು ಆ ಹಾಡನ್ನು ಹಾಡುವುದರೊಂದಿಗೆ ನಾಟಕ ತೊಡಗುತ್ತದೆ. ಹಾಡು ಮುಗಿಯುವ ಮೊದಲೇ ಅಬ್ಬರದ ವಾದ್ಯಘೋಷ ಅದನ್ನು ನುಂಗುತ್ತದೆ.

ಕಥಾನಾಯಕ ಜಾನಿ ಬೈರನ್ ಸಜ್ಜನನೇನೂ ಅಲ್ಲ. ಹಿಂದೆ ಮೋಟಾರ್ ಸೈಕಲ್ಲಿನ ಮೇಲೆ ಸಾಹಸ ಮೆರೆದು ಜನರನ್ನು ಬೆರಗುಗೊಳಿಸಿದವನು. ಈಗ ಕುಡುಕ, ಹುಡುಗರಿಗೆ ಮಾದಕ ವಸ್ತು ಒದಗಿಸುವವನು. ಪುಟ್ಟ ಮಗನಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಾರ. ಹೊಸ ಬಡಾವಣೆಯ ನಿವಾಸಿಗಳು ಅವನ ಮೇಲೆ ದೂರಿತ್ತಿರುವುದು ಅಕಾರಣವಲ್ಲ. ಆದರೆ ಸ್ಟೋನ್‌ಹೆಂಜ್ ಶಿಲಾವಲಯವನ್ನು ಕಟ್ಟಿದ ದೈತ್ಯನನ್ನು ತಾನು ಕಂಡೆನೆಂದು ಅವನು ಕಥೆ ಹೇಳತೊಡಗಿದರೆ, ಹಳ್ಳಿಯ ದಿಕ್ಕಿಲ್ಲದ ಹುಡುಗರು ಮೈಮರೆತು ಕುಳಿತುಬಿಡುತ್ತಾರೆ. ತನ್ನದು ಅಲೆಮಾರಿ ರೋಮಾನಿಗಳ ರಕ್ತವೆಂಬುದು ಅವನ ಹೆಮ್ಮೆ.

ಊರಿನೊಳಗಿನ ಸಂಪ್ರದಾಯದ ಗತಿಯಾದರೂ ಏನು? ಪಾನಗೃಹದ ಯಜಮಾನ ಮಾರಿಸ್ ಕುಣಿತದ ವೇಷ ಧರಿಸಿ ಬರುತ್ತಾನೆ; ಮದ್ಯದ ಕಂಪೆನಿಯ ಅಪ್ಪಣೆ! ಪ್ರಾಂತದ ಗಡಿ ದಾಟಲೊಲ್ಲದ ತರುಣನೊಬ್ಬನಿದ್ದರೆ, ಅವನ ಗೆಳೆಯ ಆಸ್ಟ್ರೇಲಿಯಕ್ಕೆ ಗಂಟುಮೂಟೆ ಕಟ್ಟಿದ್ದಾನೆ. ನಾಡು ಯಾರದು? ಕಾಯಿದೆಯ ಪ್ರಕಾರ ಮನೆ ಕಟ್ಟಿದವರದೋ, ಕಾಡಿನ ಕಥೆಗಳನ್ನು ಕಾಪಿಟ್ಟವನದೋ? ಎರಡು ಪಕ್ಷಕ್ಕೂ ನ್ಯಾಯವುಂಟೆಂದು ಕಾಣುವುದರಿಂದಲೇ ಪ್ರೇಕ್ಷಕನಿಗೆ ತೀರ್ಪು ಕಷ್ಟವಾಗುತ್ತದೆ.

2009ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಇಯಾನ್ ರಿಕ್ಸನ್ ಅವರ ನಿರ್ದೇಶನದಲ್ಲಿ ಈ ನಾಟಕ ಮೊದಲು ರಂಗವೇರಿತು. ಬೈರನ್ನನ ಪಾತ್ರಕ್ಕೆ ಜೀವ ತುಂಬಿದ ಮಾರ್ಕ್ ರೈಲನ್ಸ್ 2011ರಲ್ಲಿ ನ್ಯೂಯಾರ್ಕಿನಲ್ಲಿ ಟೋನಿ ಪ್ರಶಸ್ತಿ ಪಡೆದರು. 2016ರ ಜನಮತದಲ್ಲಿ ಬ್ರಿಟನ್ ಯೂರೋಪಿನ ಒಕ್ಕೂಟವನ್ನು ತೊರೆಯಲು ನಿಶ್ಚಯಿಸಿತಷ್ಟೆ. ಅದರ ಬಳಿಕ, 2022ರಲ್ಲಿ, ನಾಟಕ ಲಂಡನ್ನಿಗೆ ಮರಳಿದಾಗ ‘ನಮ್ಮವರು ಯಾರು’ ಎಂಬ ಪ್ರಶ್ನೆಗೆ ಹೊಸ ಮೊನೆ ಬಂದಿತ್ತು.

ಕೊನೆಗೆ ಬೈರನ್ ಪೆಟ್ಟು ತಿಂದು, ಮೈಯೆಲ್ಲ ನೆತ್ತರಾಗಿ ಒಬ್ಬನೇ ಉಳಿಯುತ್ತಾನೆ. ನಗಾರಿ ಬಾರಿಸುತ್ತ, ಪುರಾತನ ದೈತ್ಯರನ್ನು ಹೆಸರು ಹಿಡಿದು ಕೂಗುತ್ತಾನೆ. ಅವರು ಬಂದರೇ? ನಾಟಕಕರ್ತ ಹೇಳುವುದಿಲ್ಲ. ನಗಾರಿಯ ಸದ್ದು ಮಾತ್ರ ಪ್ರೇಕ್ಷಕನೊಡನೆ ಮನೆಯವರೆಗೂ ಬರುತ್ತದೆ.