ಬಂಡೆಯ ಮೇಲಿನ ಗೂಳಿಗಳು

ಕೋಠಿಯಲ್ಲಿ ದುಡಿಯುವ ಕನ್ನಡಿಗನು ರಜೆ ಪಡೆದು ರಾಯಚೂರಿನ ಕಡೆಗೆ ಹೊರಟರೆ, ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಗುಡ್ಡಗಳು ಅವನನ್ನು ಎದುರುಗೊಳ್ಳುತ್ತವೆ. ಅಜಂತೆಯನ್ನು ಒಮ್ಮೆಯಾದರೂ ನೋಡಬೇಕೆಂದು ಹಂಬಲಿಸುವ ನಾವು, ಅದಕ್ಕಿಂತ ಬಹು ಪ್ರಾಚೀನವಾದ ಚಿತ್ರಗಳು ಈ ಬಂಡೆಗಳ ಮೇಲಿವೆಯೆಂಬುದನ್ನು ಮರೆತಿದ್ದೇವೆ.

ಮುದಗಲ್ಲಿನ ಸಮೀಪದಲ್ಲಿ ಪಿಕ್ಲಿಹಾಳವೆಂಬ ಹಳ್ಳಿಯುಂಟು. ರಾಯಚೂರು ಜಿಲ್ಲೆಯು ಇನ್ನೂ ಹೈದರಾಬಾದು ರಾಜ್ಯಕ್ಕೆ ಸೇರಿದ್ದ 1952ರಲ್ಲಿ ಆಲ್ಚಿನ್ ಎಂಬ ಆಂಗ್ಲ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದರು. ಅವರ ವರದಿಯು 1960ರಲ್ಲಿ ಇದೇ ನಗರದಿಂದ ಪ್ರಕಟವಾಯಿತು. ನಯಗೊಳಿಸಿದ ಕಲ್ಲಿನ ಕೊಡಲಿಗಳೂ, ಬೂದುಬಣ್ಣದ ಮಡಕೆಗಳೂ, ಮಣ್ಣಿನ ಗೂಳಿಯ ಬೊಂಬೆಗಳೂ ಅಲ್ಲಿ ದೊರೆತವು. ಸುತ್ತಲಿನ ಬಂಡೆಗಳ ಮೇಲೆ ಬಣ್ಣದಲ್ಲಿ ಬರೆದ ಚಿತ್ರಗಳಿವೆ. ಬಂಡೆಯ ಕಪ್ಪು ಮೈಯನ್ನು ಕಲ್ಲಿನಿಂದ ಕುಟ್ಟಿ ಮೂಡಿಸಿದ ಆಕೃತಿಗಳೂ ಇವೆ. ಅವುಗಳಲ್ಲಿ ಪದೇ ಪದೇ ಕಾಣುವುದು ಹಿಣಿಲುಳ್ಳ ಗೂಳಿ.

ಗೂಳಿಯೇ ಏಕೆ? ಇದಕ್ಕೆ ಉತ್ತರವು ಬೂದಿಯಲ್ಲಿ ಅಡಗಿತ್ತು. ನಮ್ಮ ನಾಡಿನ ಬೂದಿದಿಬ್ಬಗಳನ್ನು ಜನರು ರಾಕ್ಷಸರ ಚಿತೆಗಳೆಂದು ನಂಬುತ್ತಿದ್ದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯ ಚಿತೆಯೆಂದು ಪ್ರತೀತಿ. ಆಲ್ಚಿನ್ನರು 1957ರಲ್ಲಿ ಅಂದಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನ ದಿಬ್ಬವನ್ನು ಅಗೆದು ನೋಡಿದರು. ಅಲ್ಲಿ ಕಂಡುದು ಗೂಟಗಳ ಬೇಲಿ, ದನಗಳ ಗೊರಸಿನ ಗುರುತು, ಮತ್ತೆ ಮತ್ತೆ ಸುಟ್ಟ ಸಗಣಿಯ ಪದರಗಳು! ಅದು ಚಿತೆಯಲ್ಲ, ದನದ ದೊಡ್ಡಿ.

ಹೀಗೆ, ಕ್ರಿ.ಪೂ. 3000ದಿಂದ 1200ರವರೆಗೆ ಈ ನೆಲದಲ್ಲಿ ಬಾಳಿದವರು ಗೋಪಾಲಕರು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ದೊರೆತ ಸುಟ್ಟ ಕಾಳುಗಳಿಂದ ಅವರ ಊಟವೂ ತಿಳಿದುಬಂದಿದೆ: ಕೊರಲೆ, ಹುರುಳಿ, ಹೆಸರು. ನಾವು ಇಂದು ಹೋಟೆಲಿನಲ್ಲಿ ಬೇಯಿಸುವ ಹೆಸರುಬೇಳೆಗೆ ಅಷ್ಟು ದೀರ್ಘವಾದ ವಂಶಾವಳಿಯಿದೆ! ಆದರೆ ಎಲ್ಲ ಚಿತ್ರಗಳೂ ಅವರವಲ್ಲ. ಕುದುರೆಯೇರಿದ ಆಯುಧಪಾಣಿಗಳು ತರುವಾಯದ ಕಬ್ಬಿಣದ ಯುಗದವರು ಅಥವಾ ಇನ್ನೂ ಈಚಿನವರು. ಒಂದೇ ಬಂಡೆಯ ಮೇಲೆ ತಲೆಮಾರುಗಳು ಬರೆಯುತ್ತ ಬಂದಿವೆ.

ಸಂಗನಕಲ್ಲಿಗೆ ಹೊಂದಿಕೊಂಡಿರುವ ಕಪ್ಪಗಲ್ಲಿನ ಗುಡ್ಡದಲ್ಲಿ ಇಂತಹ ನೂರಾರು ಆಕೃತಿಗಳಿವೆ. ಅಲ್ಲಿಯ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನುಡಿಯುತ್ತವೆ. ಈ ಶತಮಾನದ ಆರಂಭದಲ್ಲಿ ಕಲ್ಲುಗಣಿಯ ಕೆಲಸದಿಂದ ಅವುಗಳಿಗೆ ಅಪಾಯವೊದಗಿತು. ಒಡೆದ ಬಂಡೆಯು ಜಲ್ಲಿಯಾಗಿ ಮಾರಾಟವಾದೀತು; ಅದರ ಮೇಲಿದ್ದ ಗೂಳಿಯು ಮತ್ತೆ ಹುಟ್ಟದು.

ಹೆಸರನ್ನು ಬರೆದಿಡಲು ಅಕ್ಷರವಿಲ್ಲದ ಆ ದುಡಿಯುವ ಜನರು ತಾವು ಸಾಕಿದ ಎತ್ತನ್ನು ಬರೆದಿಟ್ಟು ಹೋದರು. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳ ಕೈಹಿಡಿದು ಆ ಬಂಡೆಗಳ ಬಳಿ ನಿಲ್ಲೋಣ. ಆದರೆ ಸುಣ್ಣದಿಂದ ನಮ್ಮ ಹೆಸರನ್ನು ಮಾತ್ರ ಅದರ ಮೇಲೆ ಬರೆಯದಿರೋಣ.