ಹಳೆಯ ಸ್ಪೋರ್ಟ್ಸ್ ಕಾರು: ಜಪಾನಿನಿಂದ ಬಂದದ್ದೋ, ಬ್ರಿಟನ್ನಿನಲ್ಲೇ ಓಡಿದ್ದೋ?

ನಮ್ಮ ಹಿರಿಯರು ಎತ್ತು ಕೊಳ್ಳಲು ಸಂತೆಗೆ ಹೋದರೆ ಕೊಂಬಿನ ಬಣ್ಣಕ್ಕಾಗಲಿ ಕೊರಳಿನ ಗೆಜ್ಜೆಗಾಗಲಿ ಮರುಳಾಗುತ್ತಿರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು. ಗೊರಸು ಎತ್ತಿ ನೋಡುತ್ತಿದ್ದರು. ಯಾರ ಮನೆಯಲ್ಲಿ ದುಡಿದ ಎತ್ತು ಎಂದು ವಿಚಾರಿಸಿದ ಮೇಲೆಯೇ ಬೆಲೆಯ ಮಾತಿಗೆ ಇಳಿಯುತ್ತಿದ್ದರು. ಇಂದು ನಮ್ಮ ಬಂಧುಬಳಗದ ಮಕ್ಕಳು ದೂರದ ದೇಶಗಳಲ್ಲಿ ದುಡಿಯುತ್ತಿದ್ದಾರೆ. ಅವರು ಹೋಗುವ ಸಂತೆಯೂ ಬೇರೆಯಾಗಿದೆ. ಆದರೆ ಹಿರಿಯರ ಆ ಎಚ್ಚರಿಕೆ ಅಲ್ಲಿಯೂ ಬೇಕಾಗುತ್ತದೆಂಬುದು ಈಚೆಗೆ ನಮ್ಮ ಅನುಭವಕ್ಕೆ ಬಂದಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನಿಗೆ ಚಿಕ್ಕಂದಿನಿಂದಲೂ ಕಾರಿನ ಹುಚ್ಚು. ಎರಡು ವರ್ಷ ಸಂಬಳದಲ್ಲಿ ಉಳಿಸಿದ ಹಣದಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಲು ಹೊರಟಿದ್ದನು. ಒಂದು ರಾತ್ರಿ ದೂರವಾಣಿಯಲ್ಲಿ, “ಮಾಮಾ, ಒಂದೇ ಮಾದರಿಯ ಎರಡು ಕಾರುಗಳಿವೆ. ಒಂದು ಇಲ್ಲಿಯೇ ಮಾರಾಟವಾದದ್ದು, ಇನ್ನೊಂದು ಜಪಾನಿನಿಂದ ಬಂದದ್ದು. ಜಪಾನಿನದು ಹೊಸದರಂತೆ ಹೊಳೆಯುತ್ತಿದೆ. ಯಾವುದನ್ನು ಕೊಳ್ಳಲಿ?” ಎಂದು ಕೇಳಿದನು. ಕಾರಿನ ಶಾಸ್ತ್ರದಲ್ಲಿ ನಾವು ಪಂಡಿತರಲ್ಲ. ಆದರೂ ಕೂಸಿನ ಗಳಿಕೆ ನೀರುಪಾಲಾಗಬಾರದೆಂದು ಬಲ್ಲವರನ್ನು ವಿಚಾರಿಸಿ, ಓದಿ ತಿಳಿದುಕೊಂಡೆವು.

ಒಂದೇ ಕಾರು, ಎರಡು ಹೆಸರು

ಆ ಕಾರು ಮಜ್ದಾ ಕಂಪನಿಯ ಎಂಎಕ್ಸ್-5. 1989ರಲ್ಲಿ ಅಮೆರಿಕದ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ, ಇಬ್ಬರೇ ಕೂರುವ, ಮೇಲ್ಛಾವಣಿ ಮಡಿಸಬಹುದಾದ ಹಗುರ ವಾಹನ. ಜಪಾನಿನಲ್ಲಿ ಇದನ್ನು ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಿದರು. ಬ್ರಿಟನ್ನಿಗೆ 1990ರಲ್ಲಿ ಬಂದಿತು. 2016ರಲ್ಲಿ ಇದರ ತಯಾರಿಕೆ ಹತ್ತು ಲಕ್ಷ ಮುಟ್ಟಿತು. ಜಪಾನ್ ಮತ್ತು ಬ್ರಿಟನ್ ಎರಡೂ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ವಾಹನ ನಡೆಸುವ ದೇಶಗಳು. ಆದ್ದರಿಂದ ಅಲ್ಲಿ ಬಳಸಿದ ಕಾರು ಇಲ್ಲಿ ಹಾಗೆಯೇ ಓಡಬಲ್ಲದು. ಹೀಗೆ ಸಾವಿರಾರು ಯೂನೋಸ್ ಕಾರುಗಳು ಹಡಗಿನಲ್ಲಿ ಬ್ರಿಟನ್ನಿಗೆ ಬಂದಿವೆ.

ಜಪಾನಿನ ಕಾರುಗಳ ಪರವಾಗಿ ಹೇಳುವ ಮಾತುಗಳಲ್ಲಿ ಸತ್ಯಾಂಶವಿದೆ. ಅವುಗಳಲ್ಲಿ ಹವಾನಿಯಂತ್ರಣದಂತಹ ಅನುಕೂಲಗಳು ಹೆಚ್ಚಾಗಿ ಕಂಡುಬರುತ್ತವೆ. ಬ್ರಿಟನ್ನಿನಲ್ಲಿ 1995ರಿಂದ ಮಾರಿದ 1.6 ಲೀಟರಿನ ಕಾರುಗಳ ಶಕ್ತಿಯನ್ನು ಸುಮಾರು 90 ಅಶ್ವಶಕ್ತಿಗೆ ಇಳಿಸಲಾಗಿತ್ತು. ಯೂನೋಸ್ ಕಾರಿಗೆ ಆ ಇಳಿಕೆ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ತುಕ್ಕು. ಬ್ರಿಟನ್ನಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ನೀರು ಬಾಗಿಲಿನ ಕೆಳಗಿನ ಉಕ್ಕಿನ ಪಟ್ಟಿಯನ್ನೂ ಹಿಂಚಕ್ರದ ಕಮಾನುಗಳನ್ನೂ ಒಳಗಿನಿಂದ ತಿನ್ನುತ್ತದೆ. ಛಾವಣಿಯ ನೀರು ಹರಿಯುವ ರಂಧ್ರ ಕಸದಿಂದ ಕಟ್ಟಿಕೊಂಡರಂತೂ ಆ ನೀರು ಪಟ್ಟಿಯೊಳಗೇ ನಿಲ್ಲುತ್ತದೆ. ಜಪಾನಿನ ಬೆಚ್ಚಗಿನ ಪ್ರಾಂತಗಳಲ್ಲಿ ಓಡಿದ ಕಾರಿಗೆ ಈ ಕಂಟಕ ಕಡಿಮೆ.

ಆದರೆ ಹೊಕ್ಕೈಡೊದಂತಹ ಹಿಮಪ್ರದೇಶದಲ್ಲಿ ಅಲ್ಲಿಯೂ ಉಪ್ಪು ಬಳಸುತ್ತಾರೆ. ಮೇಲಾಗಿ ಕಾರು ಬ್ರಿಟನ್ನಿಗೆ ಬಂದು ಎಷ್ಟು ಚಳಿಗಾಲ ಕಳೆಯಿತು, ಬಂದೊಡನೆ ಅಡಿಭಾಗಕ್ಕೆ ತುಕ್ಕುನಿರೋಧಕ ಮೇಣ ಬಳಿದರೇ ಎಂಬುದನ್ನು ನೋಡಬೇಕು. ಹದಿನೈದು ವರ್ಷದ ಹಿಂದೆಯೇ ಬಂದ ಕಾರನ್ನು ಇಂದಿಗೂ “ತುಕ್ಕಿಲ್ಲದ ಜಪಾನಿನ ಕಾರು” ಎಂದು ಕರೆಯುವುದು ವ್ಯಾಪಾರದ ಮಾತಷ್ಟೆ.

ಕಾಗದಗಳ ಸಾಕ್ಷಿ

ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿವರ್ಷ ಎಂಒಟಿ ಎಂಬ ತಪಾಸಣೆ ನಡೆಯುತ್ತದೆ. 2005ರಿಂದ ಈಚಿನ ಫಲಿತಾಂಶಗಳನ್ನು, ಕಾರು ಓಡಿದ ಮೈಲಿಗಳ ಸಹಿತ, ನೋಂದಣಿ ಸಂಖ್ಯೆ ತಿಳಿದ ಯಾರಾದರೂ ಉಚಿತವಾಗಿ ನೋಡಬಹುದು. ಜಪಾನಿನಿಂದ ಬಂದ ಕಾರಿನ ಈ ದಾಖಲೆ ಅದು ಬ್ರಿಟನ್ನಿಗೆ ಬಂದ ಮೇಲೆಯೇ ಆರಂಭವಾಗುತ್ತದೆ. ಅದಕ್ಕೆ ಹಿಂದಿನ ಕಥೆಗೆ ಜಪಾನಿನ ರಫ್ತು ಪತ್ರ, ಹರಾಜಿನ ಚೀಟಿಗಳೇ ಆಧಾರ. ಹರಾಜಿನ ಚೀಟಿಯಲ್ಲಿ ಕಾರಿನ ಚಿತ್ರ ಬರೆದು ಗೀರಿಗೆ ‘ಎ’, ತಗ್ಗಿಗೆ ‘ಯು’, ತುಕ್ಕಿಗೆ ‘ಎಸ್’ ಎಂಬ ಗುರುತು ಹಾಕಿರುತ್ತಾರೆ. ಅಪಘಾತವಾಗಿ ದುರಸ್ತಿಗೊಂಡಿದ್ದರೆ ದರ್ಜೆಯ ಸ್ಥಾನದಲ್ಲಿ ‘ಆರ್’ ಇರುತ್ತದೆ. ನಮ್ಮ ಪಂಚಾಂಗದ ಶಕವರ್ಷದಂತೆ ಅವರು ಚಕ್ರವರ್ತಿಯ ಆಳ್ವಿಕೆಯ ವರ್ಷ ಬರೆಯುವುದೂ ಉಂಟು: ಹೈಸೈ 5 ಎಂದರೆ 1993. ಈ ಕಾಗದಗಳು ಕೈಗೆ ಬಂದರೆ ಭಾಷೆ ಬಲ್ಲವರಿಂದ ಓದಿಸಿಕೊಳ್ಳಬೇಕು.

ಕಾನೂನಿನ ಕೆಲವು ವಿಷಯಗಳೂ ಉಂಟು. ಜಪಾನಿನ ಕಾರಿಗೆ ಹಿಂಬದಿಯ ಮಂಜಿನ ದೀಪ ಕೂಡಿಸಿರಬೇಕು. ವೇಗಮಾಪಕ ಮೈಲಿಯ ಲೆಕ್ಕ ತೋರಿಸಬೇಕು. ವಿಮೆ ಮಾಡಿಸುವಾಗ ಆಮದು ಕಾರೆಂದು ಸ್ಪಷ್ಟವಾಗಿ ತಿಳಿಸಬೇಕು. ಕಂತು ಹೆಚ್ಚಾದೀತೆಂದು ಮುಚ್ಚಿಟ್ಟರೆ ಅಪಘಾತದ ದಿನ ವಿಮೆಯೇ ಅಸಿಂಧುವಾಗಬಹುದು. ಇನ್ನು ಬರ್ಮಿಂಗ್‌ಹ್ಯಾಮಿನ ನಡುನಗರಕ್ಕೆ ಹಳೆಯ ಕಾರು ಒಯ್ದರೆ 2021ರಿಂದ ಹೊಗೆಯ ಶುಲ್ಕವುಂಟು. ಇದು ಎರಡು ಬಗೆಯ ಕಾರುಗಳಿಗೂ ಒಂದೇ.

ಅಳಿಯನ ತೀರ್ಮಾನ

ಇಷ್ಟನ್ನು ತಿಳಿದು ಅಳಿಯನಿಗೆ ನಾವು ಹೇಳಿದ್ದು ಎರಡೇ ಮಾತು: “ಕಾರನ್ನು ಮೇಲೆತ್ತಿಸಿ ಅಡಿಭಾಗ ನೋಡು. ಕಾಗದ ಕೇಳು.” ಅವನು ಮೆಕ್ಯಾನಿಕನೊಬ್ಬನನ್ನು ಕರೆದುಕೊಂಡು ಹೋದನು. ಹೊಳೆಯುತ್ತಿದ್ದ ಜಪಾನಿನ ಕಾರಿನ ಅಡಿಯಲ್ಲೆಲ್ಲ ಕಪ್ಪು ಬಣ್ಣ ಹೊಸದಾಗಿ ಬಳಿದಿತ್ತು. ಅದರ ಕೆಳಗೆ ಏನಿದೆಯೆಂದು ಹೇಳುವವರಿರಲಿಲ್ಲ. ಜಪಾನಿನ ಕಾಗದ ಕೇಳಿದರೆ ಮಾರುವವನು ಕಳೆದುಹೋಗಿವೆ ಎಂದನು. ಬ್ರಿಟನ್ನಿನ ಕಾರಿನ ಬಣ್ಣ ಮಾಸಿತ್ತು. ಅದರ ದಾಖಲೆಯಲ್ಲಿ ಎಡಬದಿಯ ಪಟ್ಟಿಗೆ ತುಕ್ಕು ಹಿಡಿದಿದೆಯೆಂದು ಎರಡು ವರ್ಷ ಬರೆದಿತ್ತು. ಮರುವರ್ಷ ಕೊಳೆತ ಭಾಗ ಕತ್ತರಿಸಿ ಹೊಸ ಉಕ್ಕು ಬೆಸೆದ ರಸೀದಿಯೂ ಇತ್ತು. ಅಳಿಯನು ಅದನ್ನೇ ಕೊಂಡನು.

ಇದರಿಂದ ಆಮದು ಕಾರೆಲ್ಲ ಕೆಟ್ಟವು ಎಂದು ಯಾರೂ ಭಾವಿಸಬಾರದು. ಅವನ ಸಹೋದ್ಯೋಗಿಯೊಬ್ಬನು ಹರಾಜಿನ ಚೀಟಿ, ರಫ್ತು ಪತ್ರಗಳ ಸಮೇತ ಯೂನೋಸ್ ಕೊಂಡು ನೆಮ್ಮದಿಯಿಂದಿದ್ದಾನೆ. ಕಾರು ಯಾವ ದೇಶದಲ್ಲಿ ಮಾರಾಟವಾಯಿತೆಂಬುದಕ್ಕಿಂತ ಅದರ ಹಿಂದಿನ ಬಾಳು ನಮಗೆ ತಿಳಿಯುತ್ತದೆಯೇ ಎಂಬುದು ದೊಡ್ಡದು. ತಿಳಿದ ದೋಷಕ್ಕೆ ಮದ್ದುಂಟು. ತಿಳಿಯದ ದೋಷ ಹೆದ್ದಾರಿಯ ನಡುವೆ ಎದುರಾಗುತ್ತದೆ. ಪರದೇಶದಲ್ಲಿರುವ ಮಕ್ಕಳು ಇಂತಹ ಮಾತು ಕೇಳಿದಾಗ ತಾಯಿತಂದೆಗಳು ಬೇಡವೆಂದು ಗದರಿಸದೆ, ಹಿರಿಯರು ಎತ್ತಿನ ಹಲ್ಲು ನೋಡಿದ ಬಗೆಯನ್ನು ನೆನಪಿಸಿದರೆ ಸಾಕು. ಅಳಿಯನು ಕಳಿಸಿದ ಭಾವಚಿತ್ರ ನಮ್ಮ ಮೇಜಿನ ಮೇಲಿದೆ. ಬಣ್ಣ ಮಾಸಿದ ಆ ಕಾರಿನ ಪಕ್ಕದಲ್ಲಿ ಅವನು ನಗುತ್ತ ನಿಂತಿದ್ದಾನೆ. ಅವನ ತಾಯಿಗೂ ಈಗ ನಿದ್ದೆ ಬರುತ್ತಿದೆ.